ಕೂಗಕ್ಕನ ಗಂಟಲು ಕಟ್ಟಿದ ದಿನ

ಹೆದರುವುದು ಕೂಗಕ್ಕನ ಕಸುಬು. ಬೇರೆ ಭಾಷೆಯ ಚಿತ್ರಗಳಿಗೆ ನಮ್ಮ ಮಾತು ಜೋಡಿಸುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಆಕೆ ಕೂಗುತ್ತಾಳೆ, ಚೀರುತ್ತಾಳೆ, ಬಿಕ್ಕುತ್ತಾಳೆ, ಏದುಸಿರು ಬಿಡುತ್ತಾಳೆ. ಕಟ್ಟಡ ಕುಸಿದರೆ ಅದರಡಿ ಸಿಕ್ಕಿಕೊಂಡವರ ಕೂಗು ಆಕೆಯದು. ಹಡಗು ಮುಳುಗಿದರೆ ನೀರು ಕುಡಿದು ಉಸಿರು ಕಟ್ಟುವವರೂ ಆಕೆಯೇ. ನಾಯಕಿಯರಿಗೆ ಮಾತಾಡುವ ಹೆಂಗಸರು ಬೇರೆ ಇದ್ದಾರೆ. ಅವರು ತಮ್ಮ ಮಾತು ಮುಗಿಸಿ, ಗಂಟಲು ಉಳಿಸಿಕೊಂಡು ಮನೆಗೆ ಹೋದ ಮೇಲೆ ಕಿರುಚುವ ಜಾಗಗಳನ್ನು ತುಂಬಲು ಕೂಗಕ್ಕ ಒಳಗೆ ಹೋಗುತ್ತಾಳೆ. ಆ ಹೆಸರಿಟ್ಟವನು ಅಲ್ಲಿಯ ಸೌಂಡ್ ಎಂಜಿನಿಯರ್. ಅವನನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ.

ಹೆದರಿಕೆಯನ್ನು ಆಕೆ ಎಲ್ಲೂ ಹೋಗಿ ಕಲಿತದ್ದಲ್ಲ. ಹುಟ್ಟಾ ಪುಕ್ಕಲು. ಲಿಫ್ಟ್ ಹತ್ತುವುದಿಲ್ಲ. ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲೇ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ಆಸ್ಪತ್ರೆಗೆ ಸೇರಿಸಿರುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಬಚ್ಚಲುಮನೆಯ ಗೋಡೆಯ ಮೇಲೆ ಹಲ್ಲಿ ಕಂಡು ಆಕೆ ಹಾಕಿದ ಕೂಗಿಗೆ ಪಕ್ಕದ ಮನೆಯವರು ಒಲೆ ಆರಿಸಿ ಬೀದಿಗೆ ಓಡಿ ಬಂದಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ನಾಚಿಕೆಯಿಂದ ಯಾರ ಮುಖವನ್ನೂ ನೋಡದೆ ಕೆಲಸಕ್ಕೆ ಹೊರಟುಹೋದ. ಮಾವ ಮಾತ್ರ ಬಚ್ಚಲ ಬಾಗಿಲ ಹೊರಗೆ ನಿಂತು ಕಿವಿಗೊಟ್ಟು ಕೇಳಿ, "ಇನ್ನೊಂದ್ಸಲ ಕೂಗಮ್ಮಾ, ಹಾಗೇ," ಎಂದರು.

ಮಾವ ಡಬ್ಬಿಂಗ್ ಕಲಾವಿದರು. ಅವರದು ಗುಡುಗಿನ ದನಿ. ಖಳನಾಯಕರು, ನ್ಯಾಯಾಧೀಶರು, ರಾಜರು, ಒಂದೆರಡು ಸಲ ಮಾತಾಡುವ ಆನೆ — ಎಲ್ಲಕ್ಕೂ ಆ ಒಂದೇ ಗಂಟಲು. ಮರುವಾರವೇ ಸೊಸೆಯನ್ನು ಕರೆದುಕೊಂಡು ಹೋಗಿ ಮೈಕಿನ ಮುಂದೆ ನಿಲ್ಲಿಸಿದರು. ಮೊದಲ ದಿನ ಅವರು ಹೇಳಿಕೊಟ್ಟದ್ದು ಕೂಗುವುದನ್ನಲ್ಲ, ಕಾಗದ ಹಿಡಿಯುವುದನ್ನು. ಮಾತುಗಳನ್ನು ಬರೆದ ಹಾಳೆಯನ್ನು ಎಂದೂ ಸರಿಸಬಾರದು, ಎತ್ತಬೇಕು. ಎತ್ತುವುದಕ್ಕೆ ಸುಲಭವಾಗಲೆಂದು ಪ್ರತಿ ಹಾಳೆಯ ಮೂಲೆಯನ್ನೂ ಬೆಕ್ಕಿನ ಕಿವಿಯ ಹಾಗೆ ಮೊದಲೇ ಮಡಚಿಟ್ಟುಕೊಳ್ಳಬೇಕು. "ನೀನು ಎಷ್ಟು ಚೆನ್ನಾಗಿ ಅತ್ತರೂ ಮಧ್ಯದಲ್ಲಿ ಹಾಳೆ ಸರ್ರಂತು ಅಂದ್ರೆ ಕೇಳೋನಿಗೆ ಗೊತ್ತಾಗ್ಬಿಡುತ್ತೆ, ಇವಳು ಅಳ್ತಿಲ್ಲ, ಓದ್ತಿದ್ದಾಳೆ ಅಂತ," ಎಂದಿದ್ದರು. ಅಷ್ಟು ವರ್ಷಗಳಲ್ಲಿ ಅವರ ಒಂದು ಟೇಕಿನಲ್ಲೂ ಕಾಗದದ ಸದ್ದು ಬಂದದ್ದಿಲ್ಲ ಎಂದು ಕಿವಿಯಣ್ಣ ಹೊಸಬರಿಗೆ ಹೇಳುತ್ತಿದ್ದ. ಅದನ್ನು ಕೇಳಿಸಿಕೊಂಡಾಗ ಮಾವನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬುತ್ತಿತ್ತು.

ಆ ವರ್ಷ ಸ್ಟುಡಿಯೋಗೆ ಬಂದದ್ದು ಕಂಪ್ಯೂಟರಿನಲ್ಲಿ ರಚಿಸಿದ ಯುದ್ಧದ ಧಾರಾವಾಹಿ. ಸೂರ್ಯನ ಬೆಳಕು ಮುಟ್ಟದ ಯಾವುದೋ ಗ್ರಹ. ಬೂದಿಯಿಂದ ಎದ್ದು ಬಂದು, ಗುಂಡು ಬಿದ್ದರೆ ಬೂದಿಯಾಗಿ ಉದುರಿ, ಮತ್ತೆ ಏಳುವ ಶತ್ರು. ಬಾಹ್ಯಾಕಾಶದ ಹಡಗಿನಲ್ಲಿ ಅಲ್ಲಿಗೆ ಬಂದಿಳಿದ, ಉಕ್ಕಿನ ಕವಚ ತೊಟ್ಟ ಸೈನಿಕರ ಒಂದು ತುಕಡಿ. ಅವರಿಗೊಬ್ಬ ಮುದಿ ಜನರಲ್. ಟಿವಿ ಚಾನೆಲ್‌ನವರು ಧಾರಾವಾಹಿಯನ್ನು ಅರ್ಧಕ್ಕೇ ಕೈಬಿಟ್ಟಿದ್ದರು. ಜನರಲ್ ಬದುಕಿದನೋ ಸತ್ತನೋ ನೋಡಿದವರಿಗೆ ಗೊತ್ತಾಗಲೇ ಇಲ್ಲ. ಈಗ ಒಂದು ಡಿಸ್ಕ್ ಕಂಪನಿ ಮೊದಲಿನಿಂದ ಕೊನೆಯವರೆಗಿನ ಎಲ್ಲ ಭಾಗಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮನೆ ಮನೆಗೆ ಮಾರಲು ಹೊರಟಿತ್ತು. ಟಿವಿಯಲ್ಲಿ ಬಾರದೆ ಉಳಿದ ಭಾಗಗಳಿಗೆ ಮಾತು ಜೋಡಿಸುವುದಷ್ಟೇ ಬಾಕಿ.

ಜನರಲ್‌ಗೆ ಮಾವನ ದನಿ. ತುಕಡಿಯ ದಾದಿಗೆ, ಮತ್ತು ಸಾಯುವ ಸಿಪಾಯಿಗಳ ಪೈಕಿ ಎಳೆಯ ದನಿಯವರಿಗೆಲ್ಲ ಕೂಗಕ್ಕನದು. ಕೆಲಸ ಒಂದು ಲೆಕ್ಕದಲ್ಲಿ ಸಲೀಸು: ಸೈನಿಕರೆಲ್ಲ ಬಾಯಿ ಮುಚ್ಚುವ ಶಿರಸ್ತ್ರಾಣ ಹಾಕಿಕೊಂಡಿರುವುದರಿಂದ ತುಟಿಗೆ ತುಟಿ ಕೂಡಿಸುವ ಗೋಜಿಲ್ಲ. ಇನ್ನೊಂದು ಲೆಕ್ಕದಲ್ಲಿ ಕಷ್ಟ: ಕಂಪ್ಯೂಟರ್ ಮಾಡಿದ ಮುಖಕ್ಕೆ ಬೆವರು ಬರುವುದಿಲ್ಲ, ಕಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಹೆದರಿಕೆಯನ್ನೆಲ್ಲ ಗಂಟಲೇ ಹೊತ್ತು ತರಬೇಕು. ಆ ಕೆಲಸಕ್ಕೆ ಕೂಗಕ್ಕನಂಥವರು ಇನ್ನೊಬ್ಬರಿರಲಿಲ್ಲ.

ಕೊನೆಯ ಭಾಗದ ಕೆಲಸವಿದ್ದ ದಿನ ಬೆಳಿಗ್ಗೆ ಆಕೆ ಚಹಾ ತೆಗೆದುಕೊಂಡು ಹೋದಾಗ ಮಾವ ಮಂಚದ ಅಂಚಿನಲ್ಲಿ ಕೂತು ಎಡಭುಜ ಒತ್ತಿಕೊಳ್ಳುತ್ತಿದ್ದರು. ಬನಿಯನ್ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಫ್ಯಾನ್ ತಿರುಗುತ್ತಲೇ ಇತ್ತು.

"ಏನಾಯ್ತು ಮಾವ?"

"ಗ್ಯಾಸು."

"ಗ್ಯಾಸಿಗೆ ಭುಜ ಯಾಕೆ ನೋಯುತ್ತೆ?"

"ನನ್ನ ಗ್ಯಾಸು, ನನ್ನ ಭುಜ. ಎಲ್ಲಿ ಬೇಕೋ ಅಲ್ಲಿ ನೋಯುತ್ತೆ. ಚಹಾ ಕೊಡು."

ಲೋಟ ತೆಗೆದುಕೊಳ್ಳುವಾಗ ಮಾವ ಅರ್ಧ ಚಹಾ ಚೆಲ್ಲಿದರು. ಗಂಡನನ್ನು ಕರೆಯಲು ಆಕೆ ತಿರುಗುವಷ್ಟರಲ್ಲಿ ಮಾವ ಸೆರಗು ಹಿಡಿದು ನಿಲ್ಲಿಸಿದರು. ಅವರು ಎಂದೂ ಹಾಗೆ ಮಾಡಿದವರಲ್ಲ.

"ಅವನಿಗೆ ಹೇಳ್ಬೇಡ. ಈಗಲೇ ಎತ್ಕೊಂಡು ಹೋಗಿ ಆಸ್ಪತ್ರೆಗೆ ಹಾಕ್ತಾನೆ. ಇವತ್ತೊಂದು ದಿನ ಬಿಡಮ್ಮಾ. ಸಂಜೆ ನೀನು ಯಾವ ಡಾಕ್ಟರ ಹತ್ರ ಅಂತೀಯೋ ಅಲ್ಲಿಗೆ ಬರ್ತೀನಿ."

"ನಾಳೆ ಮಾಡಿದ್ರೆ ಆಗಲ್ವಾ ಮಾವ ಆ ಕೆಲಸ?"

"ನಾಳೆ ಅಂದ್ರೆ ಡಿಸ್ಕ್‌ನೋರು ಬೇರೆಯವನನ್ನ ಕರೀತಾರೆ. ಹುಡುಕಿಟ್ಕೊಂಡಿದ್ದಾರಂತೆ, ಮೂಗಿನಲ್ಲಿ ಮಾತಾಡ್ತಾನೆ. ಇಷ್ಟು ಭಾಗ ಆ ಮುದುಕನನ್ನ ನಾನು ಬದುಕಿಸಿಕೊಂಡು ಬಂದಿದ್ದೀನಿ. ಸಾಯೋವಾಗ ಅವನು ಇನ್ನೊಬ್ಬನ ಗಂಟಲಲ್ಲಿ ಸಾಯ್ಬೇಕಾ?"

ಕೂಗಕ್ಕನಿಗೆ ಮಾವನ ಜೀವದ ಭಯ ಒಂದು ಕಡೆ, ಮಾವನ ಭಯ ಇನ್ನೊಂದು ಕಡೆ. ಗಂಡ ಹಲ್ಲುಜ್ಜುತ್ತ ಹಜಾರಕ್ಕೆ ಬಂದು, "ಏನು ಗುಸುಗುಸು?" ಎಂದ. ಆಕೆ, "ಏನಿಲ್ಲ, ಚಹಾ ಬಿಸಿ ಸಾಲ್ದಂತೆ," ಎಂದಳು. ಅಂದು ಆಕೆಯ ಬಾಯಿಂದ ಹೊರಟ ಮೊದಲ ಸುಳ್ಳು ಅದು.

ಸ್ಟುಡಿಯೋ ಇರುವುದು ಪೀಠೋಪಕರಣ ಅಂಗಡಿಯೊಂದರ ಮೇಲೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಎರಡನೆಯ ಮಹಡಿಯ ತಿರುವಿನಲ್ಲಿ ಮಾವ ನಿಂತರು. ಗೋಡೆಗೆ ಅಂಟಿಸಿದ್ದ, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನಾ ಫಲಕವನ್ನು ಓದಲು ಶುರುಮಾಡಿದರು. ಎಷ್ಟೋ ವರ್ಷಗಳಿಂದ ಅದು ಅಲ್ಲಿತ್ತು. ಅವರು ಅದನ್ನು ಓದಿದ್ದನ್ನು ಆಕೆ ನೋಡಿರಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಉಸಿರು ತೆಗೆದುಕೊಂಡು, "ಒಳ್ಳೇ ವಿಷಯ ಬರೆದಿದ್ದಾರೆ," ಎಂದು ಮತ್ತೆ ಹತ್ತಿದರು. ಆಕೆ ಹಿಂದೆ ಹಿಂದೆ, ಎರಡೂ ಕೈ ಮುಂದೆ ಚಾಚಿಕೊಂಡು, ಬೀಳುವ ಬೀರುವನ್ನು ತಡೆಯುವವಳ ಹಾಗೆ ಹತ್ತಿದಳು.

ಮಧ್ಯಾಹ್ನದವರೆಗೆ ಚಿಲ್ಲರೆ ಮಾತುಗಳು. ಮಾವ ಬೂತಿನೊಳಗೆ, ಆಕೆ ಗಾಜಿನ ಈಚೆ. ಬೂತ್ ಎಂದರೆ ಸದ್ದು ಹೊರಗೆ ಹೋಗದ, ಹೊರಗಿನದು ಒಳಗೆ ಬಾರದ ಸಣ್ಣ ಕೋಣೆ. ಗೋಡೆಗಳಿಗೆಲ್ಲ ದಪ್ಪ ಮೆತ್ತೆ, ಭಾರದ ಬಾಗಿಲು, ಎರಡು ಪದರದ ಗಾಜಿನ ಕಿಟಕಿ. ಕಿಟಕಿಯ ಮೇಲೆ ಕೆಂಪು ದೀಪ ಹತ್ತಿದರೆ ರೆಕಾರ್ಡಿಂಗ್ ನಡೆಯುತ್ತಿದೆ ಎಂದು ಅರ್ಥ. ಆಗ ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಬಾಗಿಲಂತೂ ಮುಟ್ಟುವ ಹಾಗೇ ಇಲ್ಲ. ಮಾವನ ದನಿ ಎಂದಿನಂತೆಯೇ ಗುಡುಗುತ್ತಿತ್ತು. ಅವರು ಆಜ್ಞೆ ಕೊಟ್ಟರೆ ಪರದೆಯ ಮೇಲೆ ಸೈನಿಕರು ಓಡುತ್ತಿದ್ದರು. ಕೂಗಕ್ಕ ಪರದೆ ನೋಡಲಿಲ್ಲ. ಮಾವನ ಕೊರಳಿನ ಪಕ್ಕದ ನರವನ್ನು ನೋಡುತ್ತ ಕೂತಳು.

ಊಟದ ಹೊತ್ತಿಗೆ ಮಾವ ಡಬ್ಬಿ ತೆರೆದರು, ತುತ್ತು ಕಲಸಿದರು, ಬಾಯಿಗೆ ಇಡಲಿಲ್ಲ. ಆಕೆ ನೋಡುತ್ತಿದ್ದಾಳೆಂದು ತಿಳಿದು ಒಂದು ತುತ್ತು ನುಂಗಿದರು.

ಡೈರೆಕ್ಟರು ಒಳ್ಳೆಯ ಮನುಷ್ಯ, ಆದರೆ ಕೆಲಸ ಹಿಡಿದರೆ ಲೋಕ ಮರೆಯುವವನು. "ಈಗ ಸಾವು ತಗೊಳ್ಳೋಣ," ಎಂದು ಕೈ ಉಜ್ಜಿಕೊಂಡ. "ಇಬ್ರೂ ಒಟ್ಟಿಗೇ ಒಳಗೆ ಹೋಗಿ. ಬೇರೆ ಬೇರೆ ತಗೊಂಡ್ರೆ ಅಂಟಿಸಿದ ಹಾಗಿರುತ್ತೆ. ಜನರಲ್ ಬಿದ್ದಿದ್ದಾನೆ, ಹಡಗು ಒಡೀತಿದೆ. ದಾದಿ ಅವನನ್ನ ಎಳ್ಕೊಂಡು ಹೋಗೋಕೆ ನೋಡ್ತಾಳೆ. 'ನನ್ನ ಬಿಟ್ಟು ಹೋಗು, ಬಾಗಿಲು ಮುಚ್ಚು' ಅಂತಾನೆ. ಅಷ್ಟೇ ಮಾತು. ಉಳಿದದ್ದೆಲ್ಲ ಉಸಿರು."

ಕೂಗಕ್ಕ ಗಂಟಲ ಮೇಲೆ ಕೈ ಇಟ್ಟುಕೊಂಡಳು. "ಸಾರ್, ನನ್ನ ಗಂಟಲು ಯಾಕೋ ಕಟ್ಟಿದ ಹಾಗಿದೆ. ನಾಳೆ ಇಟ್ಕೊಳ್ಳೋಣ್ವಾ?" ಅಂದಿನ ಎರಡನೆಯ ಸುಳ್ಳು.

"ಇವಳ ಗಂಟಲಿಗೆ ಏನೂ ಆಗಿಲ್ಲ," ಎಂದರು ಮಾವ. "ಬೆಳಿಗ್ಗೆ ಹಾಲಿನೋನ ಮೇಲೆ ಹಾಕಿದ ಕೂಗು ಮೂರು ಬೀದಿಗೆ ಕೇಳ್ಸಿದೆ. ಪಾಪ, ಅವನು ನಾಳೆಯಿಂದ ನೀರು ಹಾಕದೆ ಹಾಲು ತಂದ್ರೂ ತಂದನೇ."

ಎಲ್ಲರೂ ನಕ್ಕರು. ಆಕೆ ಮಾವನ ಕಡೆ ನೋಡಿದಳು. ಅವರು ಕಣ್ಣಿನಲ್ಲೇ 'ಸಂಜೆವರೆಗೆ' ಎಂದರು.

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿದಾಗ ಹೊರಗಿನ ಲೋಕ ಕತ್ತರಿಸಿ ಹೋದ ಹಾಗಾಯಿತು. ಆ ಮೌನದಲ್ಲಿ ಮಾವನ ಉಸಿರು ಆಕೆಗೆ ತೀರ ಹತ್ತಿರದಲ್ಲಿ ಕೇಳಿತು. ಅದರ ತುದಿಯಲ್ಲಿ ಸಣ್ಣದೊಂದು ಸೀಟಿ ಇತ್ತು.

ಮೊದಲು ಒಂದು ರಿಹರ್ಸಲ್. ಪರದೆಯ ಮೇಲೆ ಬೂದಿ ಹಾರಿತು, ಹಡಗು ವಾಲಿತು, ಜನರಲ್ ಕುಸಿದ. ಮಾವ ನರಳಿದರು. ಹೊಟ್ಟೆಯ ಆಳದಿಂದ ಬಂದ ನರಳಿಕೆ ಅದು. ಕಡೆಯಲ್ಲಿ ಅದು ತುಂಡಾಯಿತು, ಅವರ ತಲೆ ಎದೆಯ ಮೇಲೆ ಬಿತ್ತು. ಕೂಗಕ್ಕ ತನ್ನ ಹಾಳೆ ಬಿಟ್ಟು ಹಾರಿ ಹೋಗಿ ಅವರ ಎರಡೂ ತೋಳು ಹಿಡಿದಳು. "ಮಾವಾ! ಮಾವಾ!"

ಮಾವ ಒಂದು ಕಣ್ಣು ತೆರೆದರು. ಗಾಜಿನಾಚೆಗೆ ತಿರುಗಿ, "ನೋಡಿದ್ರಾ? ಹೆದರೋದೇ ಕಸುಬಾಗಿರೋಳು ನಿಜವಾಗ್ಲೂ ಹೆದರಿದಳು ಅಂದ್ರೆ ಸಾವು ಹದವಾಗಿದೆ ಅಂತಲೇ," ಎಂದರು.

ಕಿವಿಯಣ್ಣ ಮೇಜು ತಟ್ಟಿ ನಕ್ಕ. ಡೈರೆಕ್ಟರು ಮೈಕಿನಲ್ಲಿ, "ಕೂಗಕ್ಕಾ, ಟೇಕಲ್ಲಿ ಮಾವ ಅನ್ಬೇಡಿ. ಆ ಗ್ರಹದಲ್ಲಿ ಯಾರಿಗೂ ಮಾವ ಇಲ್ಲ," ಎಂದ. ಆಕೆಯ ಮುಖಕ್ಕೆ ರಕ್ತ ನುಗ್ಗಿತು. ಇನ್ನು ಏನಾದರೂ ಸರಿ, ಮುಗಿಯುವವರೆಗೆ ಮಿಸುಕಬಾರದೆಂದು ನಿರ್ಧರಿಸಿ ಹಾಳೆ ಎತ್ತಿಕೊಂಡಳು.

ಕೆಂಪು ದೀಪ ಹತ್ತಿತು.

ಪರದೆಯ ಮೇಲೆ ಮತ್ತೆ ಬೂದಿ ಹಾರಿತು. ದಾದಿ ಓಡಿ ಬಂದಳು, ಕೂಗಕ್ಕ ಏದುಸಿರು ಬಿಟ್ಟಳು. "ಜನರಲ್! ಏಳಿ! ಕೈ ಕೊಡಿ!" ದನಿ ತಾನಾಗಿಯೇ ನಡುಗಿತು, ಅದಕ್ಕೆ ಆಕೆ ಏನೂ ಮಾಡಬೇಕಾಗಿರಲಿಲ್ಲ. ಮಾವ ನರಳಿದರು. ರಿಹರ್ಸಲಿನಲ್ಲಿ ಬಂದಷ್ಟು ದೊಡ್ಡ ನರಳಿಕೆಯಲ್ಲ. ಚಿಕ್ಕದು, ಒಣದು, ಗಂಟಲಿನಲ್ಲೇ ಉಳಿದದ್ದು. ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಆಕೆಗೆ ಅನ್ನಿಸಿತು. ಆಮೇಲೆ ಬಹಳ ಕಾಲ ಆಕೆಯನ್ನು ನಿದ್ದೆಗೆಡಿಸಿದ್ದು ಆ ಅನ್ನಿಸಿಕೆ. ಅವರ ನರಳಿಕೆಗೆ ಸರಿಯಾಗಿ ಆಕೆ ತನ್ನ ಬಿಕ್ಕನ್ನು ಹೊಂದಿಸಿದಳು. ಇಬ್ಬರ ಉಸಿರೂ ಒಂದರ ಮೇಲೊಂದು ಕೂತವು. ಗಾಜಿನಾಚೆ ಡೈರೆಕ್ಟರು ಹೆಬ್ಬೆರಳು ಎತ್ತಿ ತೋರಿಸಿದ.

ಆಗ ಕಾಗದದ ಸದ್ದಾಯಿತು.

ದೊಡ್ಡ ಸದ್ದೇನಲ್ಲ. ಯಾರೋ ಪೊಟ್ಟಣ ಬಿಚ್ಚಿದ ಹಾಗೆ, ಸರಸರ. ಗಾಜಿನಾಚೆ ಡೈರೆಕ್ಟರ ಹುಬ್ಬು ಗಂಟಿಕ್ಕಿತು. ಆಮೇಲೆ ತೆಗೆದುಹಾಕೋಣ, ಮುಂದುವರಿಸಿ ಎಂದು ಬೆರಳು ಸುತ್ತಿಸಿದ. ಕೂಗಕ್ಕ ಪಕ್ಕಕ್ಕೆ ಕಣ್ಣು ಹೊರಳಿಸಿದಳು. ಮೂಲೆ ಮಡಚಿ ಜೋಡಿಸಿಟ್ಟಿದ್ದ ಹಾಳೆಗಳು ಮಾವನ ಮುಷ್ಟಿಯಲ್ಲಿ ಮುದ್ದೆಯಾಗಿದ್ದವು. ಮುಷ್ಟಿ ಇನ್ನೂ ಬಿಗಿಯುತ್ತಲೇ ಇತ್ತು. 'ಬಾಗಿಲು ಮುಚ್ಚು' ಎನ್ನುವ ಜಾಗ ಪರದೆಯ ಮೇಲೆ ಬಂತು, ಹೋಯಿತು. ಮಾವ ಏನೂ ಹೇಳಲಿಲ್ಲ.

ನರಳಿಕೆ ಸುಳ್ಳಿರಬಹುದು, ಬಿದ್ದ ತಲೆ ಸುಳ್ಳಿರಬಹುದು. ಮಾವ ಕಾಗದದ ಸದ್ದು ಮಾಡುವುದಿಲ್ಲ.

ನಿಲ್ಲಿಸಿ ಎಂದು ಕೂಗಲು ಆಕೆ ಬಾಯಿ ತೆರೆದಳು. ಕೂಗು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಗಾಳಿ ಮಾತ್ರ ಹೋಯಿತು, ದನಿ ಇಲ್ಲ. ಊರಿನ ಹೆದರಿಕೆಯನ್ನೆಲ್ಲ ಗುತ್ತಿಗೆ ಹಿಡಿದಿದ್ದ ಗಂಟಲು ಬೀಗ ಹಾಕಿಕೊಂಡು ಕೂತಿತ್ತು. ಗಾಜಿನಾಚೆಯವರಿಗೆ ಅದು ದಾದಿಯ ದುಃಖವಾಗಿ ಕಂಡಿತು. ಡೈರೆಕ್ಟರು ಮುಂದೆ ಬಾಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮಾವನ ಮೊಣಕಾಲು ಮಡಚಿತು. ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಕೂಗಕ್ಕ ಕೈ ಬೀಸಿ ಮೈಕಿಗೆ ಹೊಡೆದಳು.

ಸ್ಟುಡಿಯೋದಲ್ಲಿ ಮೈಕನ್ನು ಬೆರಳಿನಿಂದ ತಟ್ಟುವವರನ್ನೂ ಬಯ್ದು ಹೊರಗೆ ಕಳಿಸುತ್ತಾರೆ. ಆಕೆ ಅಂಗೈ ಚಾಚಿ, ಕಪಾಳಕ್ಕೆ ಹೊಡೆಯುವ ಹಾಗೆ ಹೊಡೆದಳು. ಒಮ್ಮೆ, ಮತ್ತೊಮ್ಮೆ. ಆಚೆ ಕಿವಿಯಣ್ಣ ಹಾವು ಕಚ್ಚಿದವನಂತೆ ಹೆಡ್‌ಫೋನ್ ಕಿತ್ತು ಎಸೆದು, "ಏನಕ್ಕಾ, ತಲೆ ಕೆಟ್ಟಿದೆಯಾ!" ಎಂದು ಅರಚುತ್ತ ಬಾಗಿಲು ತಳ್ಳಿಕೊಂಡು ಬಂದ. ಬಂದವನು ಅಲ್ಲೇ ನಿಂತ. ಮಾವ ನೆಲದ ಮೇಲಿದ್ದರು. ಆಕೆ ಅವರ ತಲೆಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಬಾಯಿ ತೆರೆದು ಮುಚ್ಚುತ್ತಿದ್ದಳು.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಕುರ್ಚಿಯನ್ನೇ ಎತ್ತಿಕೊಂಡು ಮೂರು ಮಹಡಿ ಇಳಿಸಿದರು. ಮುಂದೆ ಕಿವಿಯಣ್ಣ, ಹಿಂದೆ ಕೆಳಗಿನ ಅಂಗಡಿಯ ಬಡಗಿ. ಡೈರೆಕ್ಟರ ಕಾರಿನಲ್ಲಿ ಆಕೆ ಹಿಂದಿನ ಸೀಟಿನಲ್ಲಿ ಕೂತು, ಮಾವನ ಮೂಗಿನ ಕೆಳಗೆ ಬೆರಳು ಹಿಡಿದಿದ್ದಳು. ಬೆರಳಿಗೆ ಬೆಚ್ಚಗೆ ತಗುಲಿದರೆ ಇದ್ದಾರೆ. ಕೆಲವೊಮ್ಮೆ ತಗುಲುತ್ತಿರಲಿಲ್ಲ, ಹೊಂಡಕ್ಕೆ ಕಾರು ಕುಲುಕಿದಾಗ ಮತ್ತೆ ತಗುಲುತ್ತಿತ್ತು. ಡೈರೆಕ್ಟರು ಸಿಗ್ನಲ್ಲಿನಲ್ಲೆಲ್ಲ ಹಾರ್ನ್ ಒತ್ತುತ್ತ, "ನಾನು ಬೆರಳು ಸುತ್ತಿಸಿದೆ... ಮುಂದುವರಿಸಿ ಅಂದೆ..." ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

ಆಸ್ಪತ್ರೆಯ ಬಾಗಿಲಿನಲ್ಲಿ ಅವರನ್ನು ತಳ್ಳುಗಾಡಿಗೆ ಹಾಕಿಕೊಂಡು ಒಳಗೆ ಹೋದರು. ಆ ಬಾಗಿಲಿನ ಮೇಲೂ ಒಂದು ಕೆಂಪು ದೀಪವಿತ್ತು. ಕೂಗಕ್ಕ ಅದರ ಎದುರಿನ ಬೆಂಚಿನಲ್ಲಿ, ಅಲ್ಲಿಯೂ ಟೇಕ್ ನಡೆಯುತ್ತಿದೆಯೋ ಎಂಬಂತೆ, ಉಸಿರಿನ ಸದ್ದೂ ಆಗದ ಹಾಗೆ ಕೂತಳು.

ಗಂಡ ಡಿಪೋದಿಂದ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಓಡಿ ಬಂದ. ಕಿವಿಯಣ್ಣ ನಡೆದದ್ದನ್ನೆಲ್ಲ ಹೇಳಿದ. ಗಂಡ ಕೇಳಿಸಿಕೊಂಡು, ಹೆಂಡತಿಯ ಕಡೆ ತಿರುಗಿದ.

"ಬೆಳಿಗ್ಗೆ ಚಹಾ ಬಿಸಿ ಸಾಲ್ದು ಅಂದ್ಯಲ್ಲ. ಅದೇನಾ ಇದು?"

ಆಕೆ ಹೌದೆಂಬಂತೆ ತಲೆಯಾಡಿಸಿದಳು.

"ಬೆಳಿಗ್ಗೆನೇ ಗೊತ್ತಿತ್ತಾ ನಿನಗೆ?"

ಮತ್ತೆ ತಲೆಯಾಡಿಸಿದಳು. ದನಿ ಇನ್ನೂ ಮರಳಿರಲಿಲ್ಲ.

"ಹಲ್ಲಿ ಕಂಡ್ರೆ ಬೀದಿ ಎಲ್ಲ ಸೇರಿಸ್ತೀಯ," ಎಂದ ಆತ. "ಇದಕ್ಕೆ ಬಾಯಿ ಮುಚ್ಕೊಂಡಿದ್ಯಾ?" ಬೆಂಚಿನ ಇನ್ನೊಂದು ತುದಿಯಲ್ಲಿ ಹೋಗಿ ಕೂತ. ನಡುವೆ ಮೂವರು ಕೂರುವಷ್ಟು ಜಾಗ ಖಾಲಿ ಇತ್ತು.

ಡಾಕ್ಟರು ಹೊರಗೆ ಬಂದಾಗ ಇಬ್ಬರೂ ಎದ್ದು ನಿಂತರು. ಹೃದಯಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು, ಬಿಡಿಸಿದ್ದೇವೆ, ಜೀವಕ್ಕೆ ಸದ್ಯ ಭಯವಿಲ್ಲ ಎಂದರು. "ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ರೆ ಕೈ ಮೀರ್ತಿತ್ತು. ಯಾರು ಮೊದಲು ಗಮನಿಸಿದ್ದು?" ಗಂಡ ಹೆಂಡತಿಯ ಕೈ ನೋಡಿದ. ಬಲ ಅಂಗೈ ಕೆಂಪಗೆ ಊದಿಕೊಂಡಿತ್ತು. ಅವನು ಹೋಗಿ ಒದ್ದೆ ಕರವಸ್ತ್ರ ತಂದು ಆ ಕೈಗೆ ಸುತ್ತಿದ.

ಮಾವ ಮನೆಗೆ ಬಂದ ಮೇಲೆ ಕೂಗಕ್ಕನ ಹೆದರಿಕೆ ಇಳಿಯಲಿಲ್ಲ, ಮನೆ ತುಂಬ ಹಬ್ಬಿತು. ಅವರ ಕೋಣೆಯಿಂದ ಸದ್ದು ಬಂದರೆ ಹೆದರಿಕೆ, ಬರದಿದ್ದರೆ ಇನ್ನೂ ಹೆದರಿಕೆ. ಆಕೆ ಪಾತ್ರೆ ತೊಳೆಯುವ ನಡುವೆ ನಲ್ಲಿ ನಿಲ್ಲಿಸಿ ಕಿವಿ ಕೊಡುವಳು. ಅವರು ಹಗಲು ಹೊತ್ತು ಮಲಗಿದರೆ ಬಾಗಿಲಲ್ಲಿ ನಿಂತು ಹೊದಿಕೆ ಏರಿ ಇಳಿಯುವುದನ್ನು ನೋಡುವಳು. "ಏನು, ನಾನು ಹಾಲಾ? ಉಕ್ಕುತ್ತೋ ಇಲ್ವೋ ಅಂತ ನೋಡ್ತಾ ನಿಂತಿದ್ದೀಯ?" ಎಂದು ಮಾವ ಗೊಣಗುವರು. ಗುಡುಗು ಹೋಗಿ, ದನಿಯಲ್ಲಿ ದೂರದ ಮೋಡದಷ್ಟು ಮಾತ್ರ ಉಳಿದಿತ್ತು. ಕೂಗುವಂತಿಲ್ಲ, ನರಳುವಂತಿಲ್ಲ, ಎದೆಗೆ ಆಯಾಸವಾಗುವ ಯಾವುದೂ ಕೂಡದೆಂದು ಡಾಕ್ಟರು ಹೇಳಿದ್ದರು.

ಒಂದು ಮಧ್ಯಾಹ್ನ ಡೈರೆಕ್ಟರೂ ಕಿವಿಯಣ್ಣನೂ ಹಣ್ಣಿನ ಚೀಲ ಹಿಡಿದು ಬಂದರು. ಆರೋಗ್ಯ, ಮಾತ್ರೆ, ನಿದ್ದೆ ಎಲ್ಲ ವಿಚಾರಿಸಿ ಮುಗಿಯಿತು. ಆಮೇಲೂ ಅವರು ಏಳಲಿಲ್ಲ. ಡೈರೆಕ್ಟರು ಚಹಾ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ.

"ಹೇಳ್ರಿ," ಎಂದರು ಮಾವ. "ನನ್ನ ಜಾಗಕ್ಕೆ ಆ ಮೂಗಿನೋನನ್ನ ಕರೀತೀರಾ?"

"ಇಲ್ಲ ಸಾರ್. ಉಳಿದದ್ದೆಲ್ಲ ನಿಮ್ಮದೇ ಇದೆ, ಆ ಕೊನೇ ಮಾತನ್ನ ಬರೀ ಕಣ್ಣಲ್ಲೇ ತೋರಿಸೋ ಹಾಗೆ ಕತ್ತರಿಸಿಕೊಂಡ್ವಿ. ಕೊನೇ ಉಸಿರೊಂದೇ..." ಆತ ನೆಲ ನೋಡಿದ. "ಆವತ್ತಿನ ಟೇಕ್ ಹಾಗೇ ಇದೆ. ಕೇಳೋಕೆ ಬಾಯಿ ಬರಲ್ಲ. ಆದ್ರೆ ಅಂಥ ಉಸಿರು ಯಾರಿಂದಲೂ ಮಾಡಿಸೋಕಾಗಲ್ಲ. ನೀವು ಹೂಂ ಅಂದ್ರೆ..."

ಮಾವನ ಕಣ್ಣು ಹೊಳೆಯಿತು. ಆ ಹೊಳಪು ಕಂಡು ಕೂಗಕ್ಕನ ಬೆನ್ನಿನಲ್ಲಿ ಚಳಿ ಹರಿಯಿತು.

"ಹಾಕ್ರಿ! ಅದಕ್ಕೇನು ಕೇಳೋದು? ಕಷ್ಟಪಟ್ಟು ಸತ್ತಿದ್ದೀನಿ, ಬಿಸಾಡ್ತಾರಾ ಯಾರಾದ್ರೂ?"

"ಬೇಡ," ಎಂದಳು ಕೂಗಕ್ಕ.

ಆಕೆ ಹಿರಿಯರ ಮಾತಿನ ನಡುವೆ ಬಾಯಿ ಹಾಕಿದ್ದು ಅದೇ ಮೊದಲು. ಅವಳ ಗಂಡನೂ ತಲೆಯೆತ್ತಿ ನೋಡಿದ.

"ಟಿವಿ ಆದ್ರೆ ಒಂದು ಸಲ ಬಂದು ಹೋಗುತ್ತೆ. ಇದು ಡಿಸ್ಕು. ಜನ ಮನೇಲಿ ಇಟ್ಕೊಳ್ತಾರೆ. ಬೇಕಾದಾಗ ಹಾಕ್ತಾರೆ, ಚೆನ್ನಾಗಿದೆ ಅಂತ ಹಿಂದಕ್ಕೆ ಹಾಕಿ ಹಾಕಿ ನೋಡ್ತಾರೆ. ಅಷ್ಟು ಸಲವೂ ಮಾವ ನನ್ನ ಪಕ್ಕದಲ್ಲಿ ಬೀಳ್ತಾರೆ. ನನಗೆ ಕೂಗೋಕೆ ಆಗಲ್ಲ. ಬೇಡ ಸಾರ್, ಅಳಿಸಿಬಿಡಿ."

"ನನ್ನ ಸಾವಮ್ಮಾ ಅದು, ನಿಂದಲ್ಲ," ಎಂದರು ಮಾವ.

ಕಿವಿಯಣ್ಣ ಕೆಮ್ಮಿದ. ಕಿವಿ ಕೆರೆದುಕೊಂಡ. "ಆ ಟೇಕಲ್ಲಿ ಒಂದು ತೊಂದರೆ ಇದೆ ಸಾರ್. ಉಸಿರಿನ ಮೇಲೇ ಕಾಗದದ ಸದ್ದು ಕೂತಿದೆ. ಎಷ್ಟು ನೋಡಿದ್ರೂ ಬಿಡಿಸೋಕೆ ಬರ್ತಿಲ್ಲ. ಸ್ವಲ್ಪ ಕೇಳ್ಸುತ್ತೆ."

ಮಾವನ ಮುಖದ ಹೊಳಪು ತಟ್ಟನೆ ಆರಿತು. "ಕಾಗದದ ಸದ್ದಾ? ಯಾರದು?"

"ನಿಮ್ಮದೇ."

ಅವರು ತಮ್ಮ ಬಲಗೈಯನ್ನು ಬಿಚ್ಚಿ, ಮುಚ್ಚಿ, ಬೇರೆ ಯಾರದೋ ಕೈ ಎಂಬಂತೆ ನೋಡಿದರು. "ಅಳಿಸ್ರಿ," ಎಂದರು. "ಕಾಗದದ ಸದ್ದಿರೋ ಟೇಕ್ ನನ್ನ ಹೆಸರಲ್ಲಿ ಹೊರಗೆ ಹೋಗ್ಬಾರದು." ಆಮೇಲೆ ಸೊಸೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಉಸಿರನ್ನ ಇವಳ ಹತ್ರ ಮಾಡಿಸಿ. ಶಿರಸ್ತ್ರಾಣದೊಳಗೆ ಗಂಡಸೋ ಹೆಂಗಸೋ ಯಾರಿಗೆ ಗೊತ್ತಾಗುತ್ತೆ? ಇವಳು ಅದನ್ನ ಹತ್ತಿರದಿಂದ ಕೇಳಿದ್ದಾಳೆ."

ಕೂಗಕ್ಕ ಒಪ್ಪಿಕೊಳ್ಳಲು ವಾರ ಹಿಡಿಯಿತು. ಬೂತಿನೊಳಗೆ ಕಾಲಿಟ್ಟವಳು ಬಾಗಿಲನ್ನು ಪೂರ್ತಿ ಮುಚ್ಚಲು ಬಿಡಲಿಲ್ಲ, ಸದ್ದು ಬಂದರೂ ಪರವಾಗಿಲ್ಲವೆಂದು ಕಿವಿಯಣ್ಣ ಒಂದು ಸಂದು ಬಿಟ್ಟ. ಸಣ್ಣ, ಒಣ, ಗಂಟಲಿನಲ್ಲೇ ಉಳಿಯುವ ನರಳಿಕೆ, ತುದಿಯಲ್ಲಿ ಸೀಟಿ, ಆಮೇಲೆ ಏನೂ ಇಲ್ಲ. ಒಂದೇ ಸಲಕ್ಕೆ ಮುಗಿಯಿತು. ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದಳು. ಮಾವ ಎತ್ತಿ, "ಇದ್ದೀನಿ, ಇದ್ದೀನಿ," ಎಂದು ಇಟ್ಟರು.

ಡಿಸ್ಕಿನ ಪೆಟ್ಟಿಗೆ ಮನೆಗೆ ಬಂದದ್ದು ಒಂದು ರಜೆಯ ದಿನ. ಊಟವಾದ ಮೇಲೆ ಗಂಡ ಕಿಟಕಿಯ ಪರದೆ ಎಳೆದು, ಕೊನೆಯ ಡಿಸ್ಕ್ ಹಾಕಿ, ರಿಮೋಟನ್ನು ಹೆಂಡತಿಯ ಕೈಗೆ ಕೊಟ್ಟ. "ಬೇಡ ಅನ್ನಿಸಿದ್ರೆ ನಿಲ್ಲಿಸಿಬಿಡು," ಎಂದ. ಆಕೆ ನಿಲ್ಲಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಳು. ಮಾವ ಆರಾಮ ಕುರ್ಚಿಯಲ್ಲಿ, ಕಾಲಿನ ಮೇಲೆ ಶಾಲು ಹೊದ್ದು.

ಬೂದಿ ಹಾರಿತು. ಹಡಗು ವಾಲಿತು. ದಾದಿ ಚೀರಿದಳು. ಕೂಗಕ್ಕ ಪರದೆ ನೋಡುತ್ತಿರಲಿಲ್ಲ. ಮಾವನನ್ನು ನೋಡುತ್ತಿದ್ದಳು. ಜನರಲ್ ಕುಸಿಯುವ ಹೊತ್ತಿಗೆ ಮಾವನ ಕಣ್ಣು ಮುಚ್ಚಿತು. ಗಲ್ಲ ಎದೆಗೆ ತಾಕಿತು. ಟಿವಿಯೊಳಗೆ ಆ ಉಸಿರು ಎದ್ದಿತು, ಸೀಟಿಯಾಯಿತು, ನಿಂತಿತು. ಶಾಲು ಮಿಸುಕಲಿಲ್ಲ. ಆಕೆ ಗಂಡನನ್ನು ಕರೆಯಲು ಬಾಯಿ ತೆರೆದಳು. ಗಂಟಲು ಮತ್ತೆ ಕಟ್ಟಿತ್ತು. ಮೊಣಕಾಲಿನ ಮೇಲೆ ತೆವಳಿ ಹೋಗಿ, ಒಂದು ಕೈಯಿಂದ ಅವರ ಮಣಿಕಟ್ಟು ಹಿಡಿದು, ರಿಮೋಟ್ ಇದ್ದ ಕೈಯ ಬೆರಳನ್ನು ಅವರ ಮೂಗಿನ ಕೆಳಗೆ ಹಿಡಿದಳು.

"ಸುಮ್ನಿರು," ಎಂದರು ಮಾವ, ಕಣ್ಣು ತೆರೆಯದೆ. "ಟೇಕ್ ನಡೀತಿದೆ."

ಆಕೆ ಮೂಗಿನ ಕೆಳಗಿನ ಬೆರಳನ್ನು ಇಳಿಸಿದಳು. ಮಾವ ಇನ್ನೂ ಕಿವಿಗೊಟ್ಟೇ ಕೂತಿದ್ದರು. ಹಡಗು ಒಡೆದು, ಬೂದಿ ಇಳಿದು, ಹೆಸರುಗಳು ಮೇಲೇರತೊಡಗಿದಾಗ ಕಣ್ಣು ಬಿಟ್ಟರು.

"ಕಾಗದದ ಸದ್ದಿಲ್ಲ," ಎಂದರು. "ಇನ್ನೊಂದ್ಸಲ ಹಾಕಮ್ಮಾ, ಹಾಗೇ."

ಕೂಗಕ್ಕ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಇನ್ನೊಂದು ಕೈ ಅವರ ಮಣಿಕಟ್ಟಿನ ಮೇಲೇ ಇತ್ತು. ಅದನ್ನು ತೆಗೆಯುವಷ್ಟು ಧೈರ್ಯ ಆಕೆಗೆ ಬರಲಿಲ್ಲ, ಮಾವನೂ ತೆಗೆಯೆನ್ನಲಿಲ್ಲ.